ದೊಡ್ಡವರಿಗಾಗಿ ಯೆಹೂದ್ಯ ದೈವಶಾಸ್ತ್ರ: ಹನ್ನೆರಡು ವಾರಗಳ ಪ್ರವೇಶ ಪಾಠಕ್ರಮದ ವಿಮರ್ಶೆ

ದೈವಶಾಸ್ತ್ರದ ಪಾಠಕ್ರಮವೆಂದ ಮೇಲೆ ದೇವರಿದ್ದಾನೆಯೇ ಎಂಬ ಪ್ರಶ್ನೆಯಿಂದಲೇ ತರಗತಿ ಶುರುವಾಗುತ್ತದೆಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಅಧ್ಯಾಪಕರು ಮೊದಲ ದಿನ ಪರದೆಯ ಮೇಲೆ ತೋರಾದ, ಅಂದರೆ ಮೋಶೆಯ ಹೆಸರಿನಲ್ಲಿರುವ ಐದು ಪವಿತ್ರ ಗ್ರಂಥಗಳ, ಸುರುಳಿಯಿಂದ ಒಂದೇ ಒಂದು ಸಾಲನ್ನು ತೋರಿಸಿ, ಅದರಲ್ಲಿ ಯಾವ ಅಕ್ಷರಗಳು ಉಳಿದವಕ್ಕಿಂತ ದೊಡ್ಡದಾಗಿವೆ ಎಂದು ಹುಡುಕಲು ಹೇಳಿದರು. ಅದು ತೋರಾದ ಐದನೆಯ ಗ್ರಂಥವಾದ ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದ ನಾಲ್ಕನೆಯ ವಚನ. ‘ಇಸ್ರಾಯೇಲೇ, ಕೇಳು’ ಎಂದು ಮೊದಲಾಗಿ ದೇವರು ಒಬ್ಬನೇ ಎಂದು ಮುಗಿಯುವ, ಹೀಬ್ರೂವಿನಲ್ಲಿ ಆರೇ ಪದಗಳ ‘ಶೆಮಾ’ ಎಂಬ ಪ್ರಾರ್ಥನೆ. ಮೊದಲ ಪದದ ಕೊನೆಯ ಅಕ್ಷರ ‘ಆಯಿನ್’ ಮತ್ತು ಕೊನೆಯ ಪದದ ಕೊನೆಯ ಅಕ್ಷರ ‘ದಾಲೆತ್’ ಎರಡನ್ನೂ ಲಿಪಿಕಾರರು ಶತಮಾನಗಳಿಂದ ದಪ್ಪವಾಗಿ ಬರೆಯುತ್ತ ಬಂದಿದ್ದಾರೆ. ಎರಡನ್ನೂ ಕೂಡಿಸಿ ಓದಿದರೆ ‘ಸಾಕ್ಷಿ’ ಎಂಬ ಪದವಾಗುತ್ತದೆ. ಇನ್ನೊಂದು ಕಾರಣವೂ ಇದೆ: ದಾಲೆತ್‌ನ ಮೂಲೆ ಸ್ವಲ್ಪ ಸವೆದರೂ ಅದು ‘ರೇಶ್’ ಅಕ್ಷರದಂತೆ ಕಾಣುತ್ತದೆ, ಆಗ ‘ಒಬ್ಬನೇ’ ಎಂಬ ಪದ ‘ಬೇರೊಬ್ಬ’ ಎಂದಾಗಿಬಿಡುತ್ತದೆ. ಬೇರೊಬ್ಬ ದೇವರಿಗೆ ಅಡ್ಡಬೀಳಬಾರದೆಂದು ಹೇಳುವ ವಿಮೋಚನಕಾಂಡದ ವಚನದಲ್ಲಿ ಅದೇ ರೇಶ್ ಅಕ್ಷರವನ್ನು ದೊಡ್ಡದಾಗಿ ಬರೆಯುವುದನ್ನೂ ಅವರು ಪಕ್ಕದಲ್ಲಿಟ್ಟು ತೋರಿಸಿದರು. ಏಕದೇವತ್ವವೆಂಬ ಭಾರವಾದ ಸಿದ್ಧಾಂತವು ಒಂದು ಅಕ್ಷರದ ಮೂಲೆಯನ್ನು ಕಾಯುವ ಎಚ್ಚರವಾಗಿ ಕಣ್ಣೆದುರು ನಿಂತಾಗ, ಈ ಪಾಠಕ್ರಮವನ್ನು ಕೊನೆಯವರೆಗೂ ಓದಲೇಬೇಕೆಂದು ನಾನು ನಿರ್ಧರಿಸಿದೆ.

ಪಾಠಕ್ರಮದ ಸ್ವರೂಪವನ್ನು ಮೊದಲು ಹೇಳಿಬಿಡುತ್ತೇನೆ. ವಾರಕ್ಕೊಂದು ಬಾರಿ ತೊಂಬತ್ತು ನಿಮಿಷಗಳ ನೇರ ಆನ್‌ಲೈನ್ ತರಗತಿ, ಅದಕ್ಕೆ ಮೊದಲು ಓದಿಕೊಂಡು ಬರಬೇಕಾದ ಹದಿನೈದು ಇಪ್ಪತ್ತು ಪುಟಗಳು, ತರಗತಿಯ ನಂತರ ಗೊತ್ತುಮಾಡಿದ ಒಬ್ಬ ಜೊತೆಗಾರರೊಂದಿಗೆ ಒಂದು ಗಂಟೆಯ ಜೋಡಿ ಓದು. ಬೋಧನೆ ಇಂಗ್ಲಿಷಿನಲ್ಲಿ, ಹೀಬ್ರೂ ತಿಳಿದಿರಬೇಕೆಂಬ ಷರತ್ತಿಲ್ಲ. ಸೇರಿದವರಲ್ಲಿ ಮೂರು ಬಗೆಯವರಿದ್ದರು: ಯೆಹೂದಿ ಮನೆಗಳಲ್ಲಿ ಹುಟ್ಟಿ, ಹದಿಮೂರನೆಯ ವಯಸ್ಸಿನ ವಿಧಿಯೊಂದಿಗೇ ಧಾರ್ಮಿಕ ಕಲಿಕೆಯನ್ನು ನಿಲ್ಲಿಸಿದವರು; ಮತಾಂತರದ ಯೋಚನೆಯಲ್ಲಿದ್ದವರು; ಮತ್ತು ನನ್ನಂತೆ ಯಾವ ನಂಟೂ ಇಲ್ಲದೆ ಕೇವಲ ತಿಳಿಯುವ ಆಸೆಯಿಂದ ಬಂದವರು. ಮೊದಲ ಬಗೆಯವರ ತೊಡಕನ್ನು ಅಧ್ಯಾಪಕರು ಚೆನ್ನಾಗಿ ಅರಿತಿದ್ದರು. ಮಗುವಿಗೆ ಹೇಳಿಕೊಟ್ಟ ದೇವರನ್ನೇ ನಲವತ್ತು ವರ್ಷ ತಲೆಯಲ್ಲಿಟ್ಟುಕೊಂಡು, ಆ ದೇವರನ್ನು ನಂಬಲಾಗದೆ, ಇಡೀ ಪರಂಪರೆಯೇ ಅಷ್ಟೆಂದು ತಿಳಿದು ದೂರ ಸರಿದವರು ಅವರು. ಅವರಿಗೆ ಪರಂಪರೆಯ ದೊಡ್ಡವರ ಮಾತನ್ನು ದೊಡ್ಡವರಾಗಿಯೇ ಕೇಳಿಸುವುದು ಈ ತರಗತಿಗಳ ಉದ್ದೇಶ. ನಲವತ್ತರವರೆಗೆ ಅಕ್ಷರವೇ ಅರಿಯದಿದ್ದ ಅಕಿವ, ನೀರು ಬಿದ್ದು ಬಿದ್ದು ಸವೆದ ಕಲ್ಲನ್ನು ಕಂಡು ತನಗೂ ಕಲಿಕೆ ಸಾಧ್ಯವೆಂದುಕೊಂಡು, ತನ್ನ ಮಗನ ಜೊತೆಯಲ್ಲೇ ಹಲಗೆಯ ಒಂದೊಂದು ತುದಿ ಹಿಡಿದು ಅಕ್ಷರ ಕಲಿಯಲು ಕುಳಿತ ಕಥೆಯನ್ನು ಎರಡನೆಯ ವಾರ ಓದಿಸಿದರು. ಮುಂದೆ ತಾಲ್ಮೂದಿನ, ಅಂದರೆ ಯೆಹೂದಿ ಪಂಡಿತರ ಚರ್ಚೆಗಳ ಮಹಾಸಂಗ್ರಹದ, ಅತಿ ದೊಡ್ಡ ಗುರುಗಳಲ್ಲಿ ಒಬ್ಬನಾದವನು ಈತನೇ. ಕಥೆ ಓದಿ ಮುಗಿಸಿದಾಗ ತರಗತಿಯಲ್ಲಿ ಹಲವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಅದೇ ವಾರ ದೇವರ ಹೆಸರಿನ ವಿಚಾರ ಬಂತು. ನಾಲ್ಕು ವ್ಯಂಜನಗಳ ಆ ಹೆಸರನ್ನು ಬರೆಯುತ್ತಾರೆ, ಆದರೆ ಉಚ್ಚರಿಸುವುದಿಲ್ಲ. ಪ್ರಾರ್ಥನೆಯಲ್ಲಿ ‘ಅದೋನಾಯ್’ ಎಂದೂ ಮಾತಿನಲ್ಲಿ ‘ಹಾಶೇಮ್’, ಅಂದರೆ ‘ಆ ಹೆಸರು’ ಎಂದೂ ಅನ್ನುತ್ತಾರೆ. ಉರಿಯುವ ಪೊದೆಯ ಮುಂದೆ ಮೋಶೆ ಹೆಸರು ಕೇಳಿದಾಗ ಬರುವ ಉತ್ತರದಲ್ಲಿರುವುದು ಹೀಬ್ರೂವಿನ ಅಪೂರ್ಣ ಕ್ರಿಯಾಪದ. ಅದನ್ನು ವರ್ತಮಾನವಾಗಿ ಅನುವಾದಿಸಿದರೆ ಬದಲಾಗದ ಇರವಿನ ತತ್ತ್ವ ದೊರೆಯುತ್ತದೆ, ಭವಿಷ್ಯವಾಗಿ ಅನುವಾದಿಸಿದರೆ ಜೊತೆಗಿರುವೆನೆಂಬ ಭರವಸೆ ದೊರೆಯುತ್ತದೆ. ಇಂಗ್ಲಿಷಿನಲ್ಲಿ ಎರಡರಲ್ಲಿ ಒಂದನ್ನು ಆರಿಸಲೇಬೇಕಾದ ಇಕ್ಕಟ್ಟಿನ ಬಗ್ಗೆ ಅಧ್ಯಾಪಕರು ಬಹಳ ಹೊತ್ತು ಮಾತನಾಡಿದರು. ಆ ಹೊತ್ತಿನಲ್ಲಿ ನನ್ನ ಟಿಪ್ಪಣಿಯ ಅಂಚಿನಲ್ಲಿ ‘ಏನಾಗಿರುತ್ತೇನೋ ಅದಾಗಿರುತ್ತೇನೆ’ ಎಂದು ಬರೆದುಕೊಂಡೆ. ನಮ್ಮ ‘ಇರುತ್ತೇನೆ’ ಎಂಬ ರೂಪ ಎಂದಿನಂತೆ ಇರುವುದನ್ನೂ ಇನ್ನು ಮುಂದೆ ಇರಲಿರುವುದನ್ನೂ ಒಟ್ಟಿಗೇ ಹೇಳುತ್ತದೆ. ಕನ್ನಡದಲ್ಲಿ ಓದುವವರಿಗೆ ಈ ವಚನದಲ್ಲಿ ಸಿಗುವ ಅನುಕೂಲ ಸಣ್ಣದಲ್ಲ.

ಮೂರನೆಯ ವಾರದಿಂದ ತಾಲ್ಮೂದ್. ಪಾಠಕ್ರಮದ ಅತ್ಯುತ್ತಮ ಭಾಗವೆಂದು ನಾನು ಸಂಕೋಚವಿಲ್ಲದೆ ಹೇಳುವುದು ಇದನ್ನೇ. ಮೊದಲು ಪುಟದ ರಚನೆಯನ್ನೇ ಒಂದು ಇಡೀ ತರಗತಿಯಲ್ಲಿ ವಿವರಿಸಿದರು. ಸುಮಾರು ಕ್ರಿ.ಶ. 200ರಲ್ಲಿ ಯೆಹೂದಾ ಹನಾಸಿ ಕ್ರೋಡೀಕರಿಸಿದ, ಮಿಶ್ನಾ ಎಂಬ ಮೌಖಿಕ ಧರ್ಮಶಾಸ್ತ್ರದ ಕೆಲವು ಸಾಲುಗಳು ನಡುವೆ. ಅದನ್ನು ಹಿಡಿದು ಮುಂದಿನ ಮೂರು ನಾಲ್ಕು ಶತಮಾನಗಳ ವಿದ್ವಾಂಸರು ನಡೆಸಿದ ಗೆಮಾರಾ ಎಂಬ ಚರ್ಚೆ ಅದರ ಕೆಳಗೆ. ಪುಸ್ತಕದ ಬೆನ್ನಿನ ಕಡೆಯ ಅಂಕಣದಲ್ಲಿ ಹನ್ನೊಂದನೆಯ ಶತಮಾನದ ಫ್ರಾನ್ಸಿನ ಪಂಡಿತ ರಾಶಿಯ ವ್ಯಾಖ್ಯಾನ. ಹೊರ ಅಂಚಿನಲ್ಲಿ ರಾಶಿಯ ಮೊಮ್ಮಕ್ಕಳ ಕಾಲದಿಂದ ಮುಂದಕ್ಕೆ ಬೆಳೆದ ತೋಸಾಫೋತ್ ಎಂಬ ಟಿಪ್ಪಣಿಗಳು, ಇವನ್ನು ಬರೆದವರು ಅನೇಕ ಕಡೆ ರಾಶಿಯನ್ನೇ ಪ್ರಶ್ನಿಸುತ್ತಾರೆ. ಈ ವಿನ್ಯಾಸ ನೆಲೆಗೊಂಡದ್ದು 1520ರ ದಶಕದ ಆರಂಭದಲ್ಲಿ ವೆನಿಸ್‌ನ ಬೊಂಬೆರ್ಗ್ ಮುದ್ರಣಾಲಯದಲ್ಲಿ. ಸಾವಿರ ವರ್ಷ ಅಂತರದಲ್ಲಿ ಬದುಕಿದವರು ಒಂದೇ ಹಾಳೆಯಲ್ಲಿ ಎದುರುಬದುರು ಕುಳಿತು ವಾದಿಸುತ್ತಿರುವ ಆ ಪುಟವನ್ನು ನೋಡಿದ ಮೇಲೆ, ಯೆಹೂದ್ಯ ಧರ್ಮದಲ್ಲಿ ‘ನಂಬಿಕೆಗಳ ಪಟ್ಟಿ’ ಎಲ್ಲಿದೆ ಎಂಬ ನನ್ನ ಪ್ರಶ್ನೆಯೇ ತಪ್ಪು ಜಾಗದಲ್ಲಿ ನಿಂತಿತ್ತೆಂದು ಗೊತ್ತಾಯಿತು. ತೋರಾ ದೊರೆತ ಸೀನಾಯಿ ಬೆಟ್ಟದಲ್ಲಿ ಜನರು ಕೊಟ್ಟ ಉತ್ತರವೂ ‘ಮಾಡುತ್ತೇವೆ, ಕೇಳುತ್ತೇವೆ’ ಎಂಬ ಕ್ರಮದಲ್ಲಿದೆ. ಮಾಡುವುದು ಮೊದಲು ಬಂದಿದೆ.

ನಾಲ್ಕನೆಯ ವಾರ ‘ಬಾವಾ ಮೆತ್ಸಿಯಾ’ ಎಂಬ ಭಾಗದಿಂದ ಅಖ್ನಾಯಿಯ ಒಲೆಯ ಪ್ರಸಂಗವನ್ನು ಓದಿದೆವು. ತುಂಡುಗಳಾಗಿ ಕೊಯ್ದು, ನಡುನಡುವೆ ಮರಳು ತುಂಬಿ ಜೋಡಿಸಿದ ಒಲೆಯೊಂದು ಮೈಲಿಗೆಯಾಗಬಲ್ಲುದೇ ಎಂಬುದು ವಿವಾದ. ಆಗದೆಂದು ರಬ್ಬಿ ಎಲಿಯೇಜೆರ್, ಆಗುತ್ತದೆಂದು ಉಳಿದ ಪಂಡಿತರು. ತನ್ನ ಮಾತು ಸರಿಯಾಗಿದ್ದರೆ ಈ ಕ್ಯಾರಬ್ ಮರ ಸಾಕ್ಷಿ ಹೇಳಲಿ ಎಂದು ಎಲಿಯೇಜೆರ್ ಅಂದಾಗ ಮರ ಬೇರುಸಹಿತ ಎದ್ದು ನೂರು ಮೊಳ ದೂರ ಹೋಗುತ್ತದೆ. ಮರದಿಂದ ಪ್ರಮಾಣ ಸಿಗುವುದಿಲ್ಲವೆನ್ನುತ್ತಾರೆ ಪಂಡಿತರು. ಕಾಲುವೆಯ ನೀರು ಹಿಂದಕ್ಕೆ ಹರಿಯುತ್ತದೆ, ಅದೂ ಪ್ರಮಾಣವಲ್ಲ. ಅಧ್ಯಯನ ಮಂದಿರದ ಗೋಡೆಗಳು ಬಾಗತೊಡಗುತ್ತವೆ; ವಿದ್ವಾಂಸರು ವಾದಿಸುವಾಗ ನಿಮಗೇನು ಕೆಲಸ ಎಂದು ರಬ್ಬಿ ಯೆಹೋಶುವಾ ಗೋಡೆಗಳನ್ನೇ ಗದರುತ್ತಾನೆ, ಅವು ಒಬ್ಬನ ಗೌರವಕ್ಕಾಗಿ ಬೀಳದೆ ಇನ್ನೊಬ್ಬನ ಗೌರವಕ್ಕಾಗಿ ನೇರವೂ ಆಗದೆ ಓರೆಯಾಗಿಯೇ ನಿಲ್ಲುತ್ತವೆ. ಕೊನೆಗೆ ಆಕಾಶವಾಣಿಯೇ ಎಲಿಯೇಜೆರನ ಪರವಾಗಿ ನುಡಿಯುತ್ತದೆ. ಆಗ ಯೆಹೋಶುವಾ ಎದ್ದು ನಿಂತು ಧರ್ಮೋಪದೇಶಕಾಂಡದ ಮಾತನ್ನೇ ಎತ್ತಿ ಹೇಳುತ್ತಾನೆ: ಅದು ಸ್ವರ್ಗದಲ್ಲಿಲ್ಲ. ತೋರಾ ಕೊಟ್ಟಾಗಿದೆ, ಇನ್ನು ತೀರ್ಮಾನ ಬಹುಮತದ್ದು. ಆ ಕ್ಷಣ ದೇವರು ಏನು ಮಾಡಿದನೆಂದು ಮುಂದೊಮ್ಮೆ ಪ್ರವಾದಿ ಎಲೀಯನನ್ನು ಕೇಳಿದಾಗ ಸಿಕ್ಕ ಉತ್ತರ, ಆತನು ನಕ್ಕು, ನನ್ನ ಮಕ್ಕಳು ನನ್ನನ್ನು ಸೋಲಿಸಿದರು ಎಂದನಂತೆ.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಮನುಷ್ಯನ ವಿವೇಚನೆಗೆ ಸಿಕ್ಕ ಜಯವೆಂದು ಕೊಂಡಾಡುತ್ತಾರೆ. ಈ ಪಾಠಕ್ರಮ ನಿಲ್ಲಿಸಲಿಲ್ಲ, ಮುಂದಿನ ಪುಟಕ್ಕೂ ಕರೆದೊಯ್ದಿತು. ಗೆದ್ದ ಬಹುಮತ ಎಲಿಯೇಜೆರನನ್ನು ಬಹಿಷ್ಕರಿಸುತ್ತದೆ. ಸುದ್ದಿಯನ್ನು ಒರಟಾಗಿ ತಿಳಿಸಿದರೆ ಲೋಕವೇ ಹಾಳಾದೀತೆಂದು ಹೆದರಿ ಅಕಿವ ತಾನೇ ಕಪ್ಪು ಬಟ್ಟೆಯುಟ್ಟು ಹೋಗಿ ನಾಲ್ಕು ಮೊಳ ದೂರದಲ್ಲಿ ಕುಳಿತುಕೊಳ್ಳುತ್ತಾನೆ. ಎಲಿಯೇಜೆರ್ ಕಣ್ಣೀರಿಟ್ಟಾಗ ಆಲಿವ್, ಗೋಧಿ, ಬಾರ್ಲಿ ಮೂರು ಬೆಳೆಗಳಲ್ಲೂ ಮೂರರಲ್ಲೊಂದು ಪಾಲು ನಷ್ಟವಾಗುತ್ತದೆ. ಇಡೀ ಪ್ರಸಂಗ ತಾಲ್ಮೂದಿನಲ್ಲಿ ಬರುವುದು ಅಧಿಕಾರದ ಚರ್ಚೆಯ ಅಡಿಯಲ್ಲಿ ಅಲ್ಲ, ಮಾತಿನಿಂದ ಇನ್ನೊಬ್ಬರನ್ನು ನೋಯಿಸುವುದು ಎಷ್ಟು ದೊಡ್ಡ ತಪ್ಪು ಎಂಬ ಚರ್ಚೆಯ ಅಡಿಯಲ್ಲಿ. ನನ್ನ ಜೊತೆಗಾತಿ, ನಿವೃತ್ತ ಗಣಿತ ಶಿಕ್ಷಕಿ, ಆ ಸಾಲಿಗೆ ಬಂದಾಗ ಓದುವುದನ್ನು ನಿಲ್ಲಿಸಿ ಕನ್ನಡಕ ತೆಗೆದಿಟ್ಟರು. ವಾದದಲ್ಲಿ ಸರಿಯಾಗಿದ್ದೂ ಮನುಷ್ಯನ ವಿಷಯದಲ್ಲಿ ತಪ್ಪುವುದೆಂದರೆ ಇದೇ ಅಲ್ಲವೇ ಎಂದು ಕೇಳಿದರು. ಒಂದು ಗಂಟೆಯ ಓದಿಗೆ ಅಂದು ಎರಡೂವರೆ ಗಂಟೆ ಹಿಡಿಯಿತು.

ಈ ಜೋಡಿ ಓದಿಗೆ ಅರಮಾಯಿಕ್ ಭಾಷೆಯಲ್ಲಿ ‘ಹವ್ರೂತಾ’ ಎನ್ನುತ್ತಾರೆ. ಗೆಳೆತನವೆಂಬುದೇ ಆ ಪದದ ಮೂಲಾರ್ಥ. ಪಠ್ಯವನ್ನು ಗಟ್ಟಿಯಾಗಿ ಓದಬೇಕು, ಒಬ್ಬರು ಹೇಳಿದ ಅರ್ಥವನ್ನು ಇನ್ನೊಬ್ಬರು ಪ್ರಶ್ನಿಸಬೇಕು. ರಬ್ಬಿ ಯೋಹಾನಾನ್ ತನ್ನ ಜೊತೆಗಾರ ರೇಶ್ ಲಾಕಿಶ್ ತೀರಿಕೊಂಡ ಮೇಲೆ, ಅವನ ಜಾಗಕ್ಕೆ ಬಂದ ಪಂಡಿತ ತನ್ನ ಪ್ರತಿ ಮಾತಿಗೂ ಆಧಾರ ಒದಗಿಸುವುದನ್ನು ಕಂಡು, ರೇಶ್ ಲಾಕಿಶ್ ಆಗಿದ್ದರೆ ಇಪ್ಪತ್ನಾಲ್ಕು ಆಕ್ಷೇಪ ಎತ್ತುತ್ತಿದ್ದ, ನಾನು ಇಪ್ಪತ್ನಾಲ್ಕು ಉತ್ತರ ಕೊಡುತ್ತಿದ್ದೆ, ವಿಷಯ ತಾನಾಗಿ ತಿಳಿಯಾಗುತ್ತಿತ್ತು ಎಂದು ಹಲುಬಿದನೆಂದು ತಾಲ್ಮೂದ್ ಹೇಳುತ್ತದೆ. ಪಾಠಕ್ರಮದ ಯಶಸ್ಸಿನ ಬಹುಪಾಲು ಈ ಏರ್ಪಾಡಿನದೇ. ನನಗೆ ಒಳ್ಳೆಯ ಜೊತೆ ಸಿಕ್ಕಿತು, ಎಲ್ಲರಿಗೂ ಸಿಗಲಿಲ್ಲ. ಜೊತೆಗಾರರು ನಡುವೆ ಬಿಟ್ಟುಹೋದ ಇಬ್ಬರಿಗೆ ವ್ಯವಸ್ಥಾಪಕರು ಬೇರೆಯವರನ್ನು ಕೂಡಿಸಿಕೊಡಲಿಲ್ಲ, ಅವರು ಕೊನೆಯ ತಿಂಗಳು ಒಂಟಿಯಾಗಿಯೇ ಓದಿದರು. ಜೋಡಿ ಓದನ್ನೇ ಅಡಿಪಾಯವೆಂದು ಸಾರಿಕೊಂಡ ಪಾಠಕ್ರಮದಲ್ಲಿ ಇದು ಕ್ಷಮಿಸಬಹುದಾದ ಲೋಪವಲ್ಲ.

ಐದು ಮತ್ತು ಆರನೆಯ ವಾರಗಳು ಮೈಮೊನಿಡೀಸ್‌ಗೆ ಮೀಸಲು. ಹನ್ನೆರಡನೆಯ ಶತಮಾನದಲ್ಲಿ ಕೊರ್ಡೊಬಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ವೈದ್ಯನಾಗಿ ಬಾಳಿ, 1204ರಲ್ಲಿ ತೀರಿಕೊಂಡ ಈತ ಯೆಹೂದ್ಯ ನಂಬಿಕೆಯನ್ನು ಹದಿಮೂರು ತತ್ತ್ವಗಳಾಗಿ ಕಟ್ಟಿಕೊಟ್ಟವನು. ಸುಮಾರು 1190ರಲ್ಲಿ ಹೀಬ್ರೂ ಲಿಪಿಯ ಅರಬ್ಬಿಯಲ್ಲಿ ‘ದಿಗ್ಭ್ರಾಂತರ ಮಾರ್ಗದರ್ಶಿ’ಯನ್ನು ಮುಗಿಸಿದವನು. ದೇವರ ಬಗ್ಗೆ ‘ಇಂಥವನು’ ಎಂದು ಹೇಳುವ ಯಾವ ಗುಣವೂ ಸಲ್ಲದು, ‘ಇಂಥವನಲ್ಲ’ ಎನ್ನುವ ನಿಷೇಧ ಮಾತ್ರ ಸಲ್ಲುತ್ತದೆಂಬ ಆತನ ವಾದವನ್ನು ಓದುವಾಗ ಉಪನಿಷತ್ತಿನ ‘ನೇತಿ ನೇತಿ’ ನೆನಪಾಗದೆ ಇರದು. ಆದರೆ ಆ ಹೋಲಿಕೆಯಲ್ಲಿ ಬೇಗ ನೆಮ್ಮದಿ ಕಂಡುಕೊಳ್ಳಬಾರದೆಂದು ನನ್ನ ಅನಿಸಿಕೆ. ಅಲ್ಲಿ ನಿಷೇಧದ ಕೊನೆಗೆ ಉಳಿಯುವುದು ಆತ್ಮ. ಇಲ್ಲಿ ಎಷ್ಟು ನಿಷೇಧಿಸಿದರೂ ಸೃಷ್ಟಿಕರ್ತನಿಗೂ ಸೃಷ್ಟಿಗೂ ನಡುವಿನ ಅಂತರ ತುಂಬುವುದಿಲ್ಲ, ಮೈಮೊನಿಡೀಸ್‌ನ ಉದ್ದೇಶವೇ ಆ ಅಂತರವನ್ನು ಕಾಪಾಡುವುದು.

ಈ ವಾರಗಳಲ್ಲಿ ನನಗೆ ಅತಿ ಮೆಚ್ಚಿಗೆಯಾದದ್ದು ಎದುರಾಳಿಯನ್ನೂ ಕರೆತಂದ ರೀತಿ. ದೇವರಿಗೆ ದೇಹವುಂಟೆಂದು ನಂಬುವವನು ಪಾಷಂಡಿ ಎಂದು ಮೈಮೊನಿಡೀಸ್ ತನ್ನ ಧರ್ಮಸಂಹಿತೆಯಲ್ಲಿ ಬರೆದಾಗ, ಪ್ರೊವಾನ್ಸ್‌ನ ಪಂಡಿತ ಅಬ್ರಹಾಂ ಬೆನ್ ದಾವೀದ್ ಅದರ ಬದಿಯಲ್ಲಿ ತೀಕ್ಷ್ಣವಾದ ಟಿಪ್ಪಣಿ ಬರೆದ: ಈತನಿಗಿಂತ ಹಿರಿಯರೂ ಉತ್ತಮರೂ ಆದವರು ಧರ್ಮಗ್ರಂಥದ ಮಾತುಗಳನ್ನು ಹಾಗೆಯೇ ಅರ್ಥಮಾಡಿಕೊಂಡು ಆ ಅಭಿಪ್ರಾಯ ಹೊಂದಿದ್ದರಲ್ಲ, ಅವರನ್ನು ಪಾಷಂಡಿಗಳೆನ್ನುವುದು ಹೇಗೆ ಎಂದು. ದೇವರಿಗೆ ದೇಹವಿದೆಯೆಂದು ಆತ ವಾದಿಸುತ್ತಿಲ್ಲ. ಸರಳವಾಗಿ ನಂಬಿದವರನ್ನು ಹೊರಗೆ ಹಾಕುವ ಅಧಿಕಾರ ತತ್ತ್ವಜ್ಞಾನಿಗೆ ಯಾರು ಕೊಟ್ಟರೆಂದು ಕೇಳುತ್ತಿದ್ದಾನೆ. ಮುದ್ರಿತ ಸಂಹಿತೆಯಲ್ಲಿ ಇಂದಿಗೂ ಮೂಲದ ಜೊತೆಗೇ ಆ ಟಿಪ್ಪಣಿ ಅಚ್ಚಾಗುತ್ತದೆ. ಅಧ್ಯಾಪಕರು ಇದೊಂದೇ ವಾಕ್ಯದ ಮೇಲೆ ನಲವತ್ತು ನಿಮಿಷ ಕಳೆದರು, ಅದರಲ್ಲಿ ಒಂದು ನಿಮಿಷವೂ ವ್ಯರ್ಥವಾಗಲಿಲ್ಲ.

ಯೆಹೂದ್ಯ ಅನುಭಾವ ಪರಂಪರೆಯಾದ ಕಬ್ಬಾಲಾಕ್ಕೆ ಕೊಟ್ಟದ್ದು ಒಂದೇ ವಾರ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಸ್ಪೇನಿನಲ್ಲಿ ಬೆಳಕಿಗೆ ಬಂದ ‘ಜೋಹರ್’, ಅನಂತವೆಂಬ ಅರ್ಥದ ‘ಏನ್ ಸೋಫ್’, ಅದರ ಹತ್ತು ಪ್ರಕಾಶಗಳಾದ ಸೆಫಿರೋತ್ ಇವೆಲ್ಲ ನಕ್ಷೆಯ ಮೂಲಕ ಬೇಗಬೇಗನೆ ಸಾಗಿದವು. ಸಾಫೇದಿನಲ್ಲಿ 1572ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ ಇಸಾಕ್ ಲೂರಿಯಾ ಹೇಳಿದ ‘ತ್ಸಿಮ್‌ತ್ಸುಮ್’ ಮಾತ್ರ ಮನಸ್ಸಿನಲ್ಲಿ ನಿಂತಿತು. ಎಲ್ಲೆಲ್ಲೂ ತುಂಬಿರುವ ದೇವರು ಜಗತ್ತಿಗೆ ಜಾಗ ಮಾಡಿಕೊಡಲು ತನ್ನನ್ನು ತಾನೇ ಕುಗ್ಗಿಸಿಕೊಂಡ ಎಂಬ ಆ ಕಲ್ಪನೆಗೆ ಒಂದು ವಾರ ಸಾಲದು. ಮೂಲ ಪಠ್ಯದ ಒಂದು ಪುಟವನ್ನಾದರೂ ಓದಿಸಬೇಕಿತ್ತು.

ಪಾಠಕ್ರಮ ಎಡವುವುದು ಆಧುನಿಕ ಕಾಲಕ್ಕೆ ಬಂದಾಗ. 1656ರಲ್ಲಿ ಆಮ್‌ಸ್ಟರ್‌ಡಾಮಿನ ಸಮುದಾಯ ತತ್ತ್ವಜ್ಞಾನಿ ಸ್ಪಿನೋಜನನ್ನು ಬಹಿಷ್ಕರಿಸಿದ್ದು, 1783ರಲ್ಲಿ ಜರ್ಮನಿಯ ತತ್ತ್ವಜ್ಞಾನಿ ಮೆಂಡೆಲ್ಸೋನ್ ಯೆಹೂದ್ಯ ಧರ್ಮ ಬೋಧಿಸುವುದು ಸಿದ್ಧಾಂತವನ್ನಲ್ಲ, ಆಚರಣೆಯ ಶಾಸನವನ್ನು ಎಂದು ವಾದಿಸಿದ್ದು, ಇಪ್ಪತ್ತನೆಯ ಶತಮಾನದ ಚಿಂತಕರಾದ ಬೂಬರ್, ಕಪ್ಲಾನ್, ಹೆಶೆಲ್, ಸೊಲೊವೆಯ್ಚಿಕ್ ಎಲ್ಲರೂ ಎಂಟರಿಂದ ಹತ್ತನೆಯ ವಾರದೊಳಗೆ ಸ್ಲೈಡುಗಳಲ್ಲಿ ಬಂದು ಹೋದರು. ಇಲ್ಲಿ ಮೂಲ ಪಠ್ಯ ಹಿಂದೆ ಸರಿದು ಉಪನ್ಯಾಸ ಮುಂದೆ ಬಂತು. ಜೋಡಿ ಓದಿಗೆ ಕೊಟ್ಟದ್ದು ಸಾರಾಂಶಗಳು, ಸಾರಾಂಶದ ಮೇಲೆ ಇಪ್ಪತ್ನಾಲ್ಕು ಆಕ್ಷೇಪ ಎತ್ತುವುದು ಯಾರಿಂದಲೂ ಆಗದು. 1920ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ದೊಡ್ಡವರಿಗಾಗಿ ಲೇರ್‌ಹೌಸ್ ಎಂಬ ಕಲಿಕೆಯ ಮನೆ ತೆರೆದ ಫ್ರಾಂಜ್ ರೋಸೆನ್‌ಜ್ವೈಗ್, ತೋರಾದಿಂದ ಬದುಕಿನ ಕಡೆಗೆ ಸಾಗುತ್ತಿದ್ದ ಹಳೆಯ ಕಲಿಕೆಯ ದಿಕ್ಕನ್ನು ತಿರುಗಿಸಿ, ಹೊರಗಿನ ಬದುಕಿನಿಂದ ತೋರಾದ ಕಡೆಗೆ ಬರುವವರಿಗಾಗಿ ಕಲಿಸಬೇಕೆಂದವನು. ಈ ಪಾಠಕ್ರಮಕ್ಕೆ ಅಜ್ಜನಂತಿರುವ ಆತನಿಗೆ ಸಿಕ್ಕದ್ದು ಎರಡು ಸ್ಲೈಡು. ಸ್ತ್ರೀವಾದಿ ದೈವಶಾಸ್ತ್ರ ‘ಆಸಕ್ತರು ಓದಬಹುದು’ ಎಂಬ ಪಟ್ಟಿಯಲ್ಲಿ ಮಾತ್ರ ಇತ್ತು. ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರಿದ್ದರು, ಅವರಲ್ಲಿ ಹಲವರು ಈ ಪ್ರಶ್ನೆಯನ್ನೇ ಹೊತ್ತು ಬಂದಿದ್ದರು.

ಹನ್ನೊಂದನೆಯ ವಾರದ ಬಗ್ಗೆ ನನಗೆ ನಿಜವಾದ ಬೇಸರವಿದೆ. ಅರವತ್ತು ಲಕ್ಷ ಯೆಹೂದಿಗಳ ಹತ್ಯೆಯ ನಂತರ ದೇವರ ಬಗ್ಗೆ ಏನು ಹೇಳಲು ಸಾಧ್ಯ ಎಂಬ ಪ್ರಶ್ನೆಗೆ ಒಂದೇ ತರಗತಿ. ಇಸ್ರಾಯೇಲರೊಂದಿಗೆ ಒಡಂಬಡಿಕೆ ಮಾಡಿಕೊಂಡ ದೇವರನ್ನು ಇನ್ನು ನಂಬಲಾಗದು ಎಂದು 1966ರಲ್ಲಿ ಬರೆದ ರಿಚರ್ಡ್ ರೂಬೆನ್‌ಸ್ಟೈನ್. ಹಿಟ್ಲರನಿಗೆ ಅವನ ಸಾವಿನ ನಂತರ ಗೆಲುವು ಸಿಗುವಂತೆ ಮಾಡಬಾರದೆಂಬುದು ತೋರಾದ 613 ಆಜ್ಞೆಗಳಿಗೆ ಸೇರಿದ 614ನೆಯ ಆಜ್ಞೆ ಎಂದ ಎಮಿಲ್ ಫಾಕೆನ್‌ಹೈಮ್. ಮನುಷ್ಯ ಸ್ವತಂತ್ರನಾಗಿರಬೇಕಾದರೆ ದೇವರು ಮುಖ ಮರೆಸಿಕೊಳ್ಳಬೇಕಾಗುತ್ತದೆಂಬ ಹಳೆಯ ಕಲ್ಪನೆಯನ್ನು ಮತ್ತೆ ಎತ್ತಿಕೊಂಡ ಎಲಿಯೇಜೆರ್ ಬೆರ್ಕೊವಿಟ್ಸ್. ಮೂವರಿಗೂ ತಲಾ ಇಪ್ಪತ್ತು ನಿಮಿಷ, ಉಳಿದ ಅರ್ಧ ಗಂಟೆ ಪ್ರಶ್ನೋತ್ತರ. ತನ್ನ ಮನೆತನದ ಒಂದು ಇಡೀ ಕವಲನ್ನು ಕಳೆದುಕೊಂಡ ಹಿರಿಯರೊಬ್ಬರು ಮಾತು ಶುರುಮಾಡುವ ಹೊತ್ತಿಗೆ ಸಮಯ ಮುಗಿಯಿತೆಂಬ ಸೂಚನೆ ಪರದೆಯ ಮೇಲೆ ಬಂತು. ಅಧ್ಯಾಪಕರು ನೊಂದುಕೊಂಡೇ ತರಗತಿ ಮುಗಿಸಿದರು. ತಪ್ಪು ಅವರದಲ್ಲ, ವೇಳಾಪಟ್ಟಿ ಹಾಕಿದವರದು. ನಿರಪರಾಧಿಯ ಸಂಕಟವನ್ನೇ ಕುರಿತ ಯೋಬನ ಗ್ರಂಥವನ್ನು ಇಡೀ ಹನ್ನೆರಡು ವಾರಗಳಲ್ಲಿ ಎಲ್ಲೂ ಓದಿಸದೆ ಈ ತರಗತಿಗೆ ನೇರವಾಗಿ ಬಂದದ್ದೂ ದೊಡ್ಡ ಕೊರತೆ.

ಇನ್ನುಳಿದ ವ್ಯವಹಾರದ ಮಾತುಗಳು. ಓದುವ ಸಾಮಗ್ರಿ ಅಚ್ಚುಕಟ್ಟಾಗಿದೆ, ಮೂಲ ಹೀಬ್ರೂ ಮತ್ತು ಅನುವಾದ ಅಕ್ಕಪಕ್ಕದಲ್ಲಿವೆ. ಆದರೆ ಹೀಬ್ರೂ ಪದಗಳ ಲಿಪ್ಯಂತರ ಪುಟದಿಂದ ಪುಟಕ್ಕೆ ಬದಲಾಗುವುದರಿಂದ ಒಂದೇ ಪದವನ್ನು ಎರಡೆಂದು ಭಾವಿಸಿ ನಾನು ಗೊಂದಲಪಟ್ಟದ್ದುಂಟು. ಆರನೆಯ ವಾರ ಬರೆದುಕೊಟ್ಟ ಪ್ರಬಂಧಕ್ಕೆ ಅಭಿಪ್ರಾಯ ಬಂದದ್ದು ಹತ್ತನೆಯ ವಾರದಲ್ಲಿ, ಅದೂ ಎರಡು ಸಾಲು. ವಾರಕ್ಕೆ ಐದು ಗಂಟೆ ಸಾಕೆಂದು ಮೊದಲು ತಿಳಿಸಿದ್ದರೂ ಶ್ರದ್ಧೆಯಿಂದ ಓದುವವರಿಗೆ ಎಂಟು ಗಂಟೆ ಬೇಕು. ನೇರ ತರಗತಿ ತಪ್ಪಿದರೆ ಧ್ವನಿಮುದ್ರಣ ಸಿಗುತ್ತದೆ, ಆದರೆ ಜೋಡಿ ಓದಿಲ್ಲದೆ ಧ್ವನಿಮುದ್ರಣವನ್ನಷ್ಟೇ ಕೇಳುವವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಯೆಹೂದ್ಯ ಧರ್ಮದ ಹಬ್ಬ, ಆಚರಣೆ, ಇತಿಹಾಸಗಳ ಪರಿಚಯ ಬೇಕಾದವರಿಗೂ ಇದು ತಕ್ಕುದಲ್ಲ. ಒಂದು ವಾಕ್ಯದ ಮುಂದೆ ಅರ್ಧ ಗಂಟೆ ಕೂರಲು ಸಿದ್ಧರಿರುವವರು ಧೈರ್ಯವಾಗಿ ಸೇರಬಹುದು. ಸಾಧ್ಯವಿದ್ದರೆ ಪರಿಚಯದವರೊಬ್ಬರನ್ನು ಜೊತೆಗೆ ಕರೆದುಕೊಂಡೇ ಸೇರಿ, ಆಗ ಜೊತೆ ತಪ್ಪುವ ಭಯವಿರುವುದಿಲ್ಲ.

ಇದೇ ಸಂಸ್ಥೆ ಮುಂದಿನ ಹಂತವೆಂದು ಆಧುನಿಕ ಚಿಂತಕರ ಮೇಲೆ ಇನ್ನೊಂದು ಹನ್ನೆರಡು ವಾರಗಳ ಉಪನ್ಯಾಸಮಾಲೆಯನ್ನು ನಡೆಸುತ್ತದೆ. ನಾನೂ ನನ್ನ ಜೊತೆಗಾತಿಯೂ ಅದಕ್ಕೆ ಸೇರಲಿಲ್ಲ. ಬದಲಿಗೆ ಪ್ರತಿ ಭಾನುವಾರ ಬಾವಾ ಮೆತ್ಸಿಯಾದ ಎರಡನೆಯ ಅಧ್ಯಾಯವನ್ನು ನಾವಿಬ್ಬರೇ ಓದುತ್ತಿದ್ದೇವೆ; ತಾಲ್ಮೂದ್ ಕಲಿಯಲು ಹೊರಟವರಿಗೆ ಬಹಳ ಕಡೆ ಮೊದಲು ಕೈಗಿಡುವುದು ಇದನ್ನೇ. ದಾರಿಯಲ್ಲಿ ಬಿದ್ದಿದ್ದು ಸಿಕ್ಕ ವಸ್ತುಗಳಲ್ಲಿ ಯಾವುದನ್ನು ಸಿಕ್ಕವರು ಇಟ್ಟುಕೊಳ್ಳಬಹುದು, ಯಾವುದನ್ನು ಸಾರಿ ಹೇಳಿ ಒಡೆಯನನ್ನು ಹುಡುಕಬೇಕು ಎಂಬುದು ಅದರ ವಿಷಯ. ಎಂಟು ವಾರಗಳಲ್ಲಿ ಒಂದೂವರೆ ಹಾಳೆ ಮುಗಿದಿದೆ.